ಹತ್ತು ಬಟ್ಟಲಿಗೂ ಒಂದೇ ರುಚಿ: ಕೆಟ್ಟದ್ದು ನಾಲಿಗೆಯೋ, ಸಾಕೆಯೋ?

ಪ್ರಶ್ನೆ: ನಾನು ಮೈಸೂರಿನವನು. ಎರಡು ವರ್ಷಗಳಿಂದ ಟೋಕಿಯೋದಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಸಹೋದ್ಯೋಗಿಗಳ ಜೊತೆ ನೀಗಾತ ಪ್ರಾಂತ್ಯದ ಎಚಿಗೊ-ಯುಜಾವಾಕ್ಕೆ ಹೋಗಿದ್ದಾಗ, ಅಲ್ಲಿನ ರೈಲು ನಿಲ್ದಾಣದಲ್ಲಿ ಟೋಕನ್ ಹಾಕಿದರೆ ಸಣ್ಣ ಬಟ್ಟಲಿಗೆ ಸಾಕೆ, ಅಂದರೆ ಅಕ್ಕಿಯಿಂದ ಮಾಡುವ ಜಪಾನಿನ ಮದ್ಯ, ಸುರಿಯುವ ಯಂತ್ರಗಳ ಮುಂದೆ ನಿಂತು ಹತ್ತು ಬಗೆಗಳ ರುಚಿ ನೋಡಿದೆ. ಮೊದಲ ಮೂರರಲ್ಲಿ ಏನೋ ವ್ಯತ್ಯಾಸ ಕಂಡಿತು, ಆಮೇಲೆ ಎಲ್ಲವೂ ಒಂದೇ. ಹುಳಿ-ಖಾರ ತಿಂದು ಬೆಳೆದ ನಾಲಿಗೆಗೆ ಇದರ ಸೂಕ್ಷ್ಮ ತಿಳಿಯದು ಎಂದು ಗೆಳೆಯರು ನಕ್ಕರು. ಹಠಕ್ಕೆ ಬಿದ್ದು, ಅಕ್ಕಿಯನ್ನು ಶೇ 35ಕ್ಕೆ ಉಜ್ಜಿದ ದೈಗಿಂಜೊ ಎಂಬ ಬಗೆಯ ದುಬಾರಿ ಸಾಕೆಯೊಂದನ್ನು ಕೊಂಡೆ. ಮೊದಲ ದಿನ ಹಣ್ಣಿನ ಘಮ ಬಂತು. ಅಡುಗೆಮನೆಯ ಕಪಾಟಿನಲ್ಲಿಟ್ಟು ಮೂರು ವಾರದ ನಂತರ ಸುರಿದರೆ ಹಳೆಯ ಮೂಲಂಗಿ ಉಪ್ಪಿನಕಾಯಿಯ ವಾಸನೆ. ಫೋನಿನಲ್ಲಿ ಲೇಬಲ್ ಅನುವಾದಿಸಿದರೆ ಎಲ್ಲೋ ಒಂದು ಕಡೆ ‘ಹಸಿ’ ಎಂದು ಬಂತು. ಮೇಲಾಗಿ, +5 ಎಂದು ಬರೆದಿದ್ದ ಸಾಕೆ ನನಗೆ ಸಿಹಿಯಾಗಿಯೂ, +1 ಎಂದಿದ್ದದ್ದು ಕಟುವಾಗಿಯೂ ಕಂಡಿತು. ಕೂಡು ಸಂಖ್ಯೆ ಏರಿದಂತೆ ಸಿಹಿ ಕಡಿಮೆಯಾಗಬೇಕಲ್ಲವೇ? ಬಿಸಿ ಮಾಡಿ ಕುಡಿಯುವುದು, ಹೊರಗಿನಿಂದ ಆಲ್ಕೋಹಾಲ್ ಸೇರಿಸಿದ್ದು, ಇವೆಲ್ಲ ಕೀಳು ದರ್ಜೆ ಎನ್ನುತ್ತಾರೆ, ನಿಜವೇ? ನಾನು ಸಸ್ಯಾಹಾರಿ, ಇದರಲ್ಲಿ ಮಾಂಸದ ಅಂಶವೇನಾದರೂ ಇರುತ್ತದೆಯೇ? ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಅಣ್ಣನಿಗೆ ಒಂದು ಬಾಟಲಿ ಒಯ್ಯುವ ಆಸೆಯಿದೆ. ಸಾಕೆಯ ರುಚಿ ನೋಡಿ ಹೋಲಿಸುವ ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಅಡಿಯಲ್ಲಿರುವ ಅಳುಕು ಒಂದೇ: ಇಷ್ಟೊಂದು ಹೆಸರು, ಇಷ್ಟೊಂದು ಬೆಲೆಗಳಿರುವ ಪಾನೀಯ ನಿಮಗೆ ಬೇರೆಬೇರೆಯಾಗಿ ಕಾಣಲಿಲ್ಲವಾದ್ದರಿಂದ ಕೊರತೆ ನಿಮ್ಮ ನಾಲಿಗೆಯದೇ ಇರಬೇಕು ಎಂಬುದು. ಹ್ಯೋಗೊ ಪ್ರಾಂತ್ಯದ ಒಂದು ಕುರಾದಲ್ಲಿ, ಅಂದರೆ ಸಾಕೆ ತಯಾರಿಸುವ ಮನೆಯಲ್ಲಿ, ಗುಣಮಟ್ಟ ಪರೀಕ್ಷೆಯ ಕೆಲಸ ಮಾಡಿದ ವರ್ಷಗಳಲ್ಲಿ ಹೊಸಬರನ್ನು ನೂರಾರು ಬಾರಿ ರುಚಿಯ ಮೇಜಿನ ಮುಂದೆ ನಿಲ್ಲಿಸಿದ್ದೇನೆ. ನಾಲಿಗೆ ಕೈಕೊಟ್ಟ ಪ್ರಸಂಗಗಳು ಅಪರೂಪ, ಬಟ್ಟಲುಗಳನ್ನು ತಪ್ಪು ಸಾಲಿನಲ್ಲಿ ಜೋಡಿಸಿದ ಪ್ರಸಂಗಗಳು ಮಾತ್ರ ಲೆಕ್ಕವಿಲ್ಲದಷ್ಟು. ನಿಮ್ಮದೂ ಎರಡನೆಯ ಬಗೆಯದೆಂದೇ ನನಗೆ ತೋರುತ್ತದೆ.

ಮೊದಲು ಗೆಳೆಯರ ಹಾಸ್ಯವನ್ನು ಪಕ್ಕಕ್ಕಿಡೋಣ. ಮೆಣಸಿನಕಾಯಿಯ ಉರಿ ರುಚಿಯಲ್ಲ, ಅದು ನೋವು ಮತ್ತು ಬಿಸಿಯನ್ನು ತಿಳಿಸುವ ನರಗಳ ಕೆಲಸ. ನಿತ್ಯವೂ ಖಾರ ತಿನ್ನುವವರಲ್ಲಿ ಆ ಉರಿಯ ಅರಿವು ಮೊಂಡಾಗುತ್ತದೆಯೇ ಹೊರತು ಸಿಹಿ, ಹುಳಿ, ಕಹಿಗಳನ್ನು ಗುರುತಿಸುವ ಶಕ್ತಿ ನಾಶವಾಗುವುದಿಲ್ಲ. ಸಾಕೆಯ ಮೈಯೆಲ್ಲ ಅಮೈನೋ ಆಮ್ಲಗಳಿಂದ ಬರುವ ಉಮಾಮಿ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆದಾ 1908ರಲ್ಲಿ ಕೊಂಬು ಎಂಬ ಕಡಲಕಳೆಯ ಸಾರಿನಲ್ಲಿ ಗುರುತಿಸಿ ಹೆಸರಿಟ್ಟ ಆ ರುಚಿಯನ್ನು ನೀವು ಟೊಮೆಟೊ ಸಾರಿನಲ್ಲಿ ಬಾಲ್ಯದಿಂದಲೂ ಸವಿದಿದ್ದೀರಿ, ಹೆಸರಿಟ್ಟಿರಲಿಲ್ಲ, ಅಷ್ಟೆ. ಆದರೆ ಒಂದು ಎಚ್ಚರಿಕೆ ಸತ್ಯ: ಖಾರದ ಊಟದ ಹಿಂದೆಯೇ ರುಚಿ ನೋಡಲು ಕುಳಿತರೆ ಆಲ್ಕೋಹಾಲ್ ಆ ಉರಿಯನ್ನು ಕೆರಳಿಸುತ್ತದೆ, ಹುಣಸೆಯ ಹುಳಿ ಸಾಕೆಯ ಮೆಲುವಾದ ಹುಳಿಯನ್ನು ಮುಚ್ಚಿಬಿಡುತ್ತದೆ. ಹೋಲಿಕೆಗೆ ಕೂರುವ ದಿನ ಪುಳಿಯೋಗರೆ ಬೇಡ, ಮರುದಿನ ತಿನ್ನಿ.

ಹಾಗಾದರೆ ಹತ್ತು ಬಟ್ಟಲು ಒಂದೇ ಆದದ್ದೇಕೆ? ನೀವು ನಿಂತಿದ್ದ ಸ್ಥಳವೇ ಅರ್ಧ ಉತ್ತರ. ಆ ಯಂತ್ರಗಳಲ್ಲಿರುವುದು ನೀಗಾತದ ಕುರಾಗಳ ಸಾಕೆ, ಮತ್ತು ನೀಗಾತದ ಹೆಸರು ಹರಡಿದ್ದೇ ‘ತಾನ್ರೆ ಕಾರಾಕುಚಿ’ ಎಂಬ ಒಂದು ಶೈಲಿಯಿಂದ: ತೆಳ್ಳಗೆ, ಸ್ವಚ್ಛವಾಗಿ, ಸಿಹಿ ನಿಲ್ಲದೆ ಗಂಟಲಿಳಿಯುವ ಶೈಲಿ. ಹಿಮ ಕರಗಿ ಬರುವ ಮೃದು ನೀರು, ತಣ್ಣನೆಯ ಚಳಿಗಾಲದ ನಿಧಾನವಾದ ಹುದುಗುವಿಕೆ, ಮತ್ತು ಹಗುರ ರುಚಿ ಕೊಡುವ ಗೊಹ್ಯಾಕುಮಾನ್‌ಗೊಕು ಎಂಬ ಅಕ್ಕಿ, ಈ ಮೂರೂ ಅದೇ ದಿಕ್ಕಿಗೆ ಎಳೆಯುತ್ತವೆ. ಆ ಅಕ್ಕಿಯ ಹೆಸರಿನ ಅರ್ಥ ‘ಐವತ್ತು ಲಕ್ಷ ಕೊಕು’. ನೀಗಾತದ ಅಕ್ಕಿಯ ಇಳುವರಿ ಆ ಅಳತೆಯನ್ನು ದಾಟಿದ ಸಂಭ್ರಮದಲ್ಲಿ 1957ರಲ್ಲಿ ಇಟ್ಟ ಹೆಸರದು. ಈಗ ಅಲ್ಲಿಯೂ ದಟ್ಟವಾದ, ಸಿಹಿಯಾದ ಸಾಕೆಗಳು ಬರುತ್ತಿವೆ, ಆದರೆ ಕಣ್ಣಿಗೆ ಬಿದ್ದ ಹತ್ತನ್ನು ಆರಿಸಿದವರಿಗೆ ಅದೇ ಕುಟುಂಬದ ಹತ್ತು ಸೋದರರು ಸಿಗುವ ಸಂಭವವೇ ಹೆಚ್ಚು. ಬರೀ ಮೈಸೂರು ಮಲ್ಲಿಗೆಯ ಹತ್ತು ದಿಂಡು ಮೂಸಿದವರು ಹೂವಿಗೆಲ್ಲ ಒಂದೇ ಪರಿಮಳ ಎಂದರೆ ತಪ್ಪು ಮೂಗಿನದೇ?

ಉಳಿದರ್ಧ ಶರೀರದ್ದು. ನಾಲ್ಕನೆಯ ಬಟ್ಟಲಿನಿಂದಾಚೆಗೆ ಮೂಗು ಅದೇ ಘಮಕ್ಕೆ ಒಗ್ಗಿಕೊಂಡು ವರದಿ ಕಳಿಸುವುದನ್ನು ನಿಲ್ಲಿಸುತ್ತದೆ. ಫ್ರಿಜ್ಜಿನ ತಂಪು ಸಿಹಿ ಮತ್ತು ಉಮಾಮಿಗಳನ್ನು ಅದುಮುತ್ತದೆ. ಬಾಯಿಯಲ್ಲಿ ಉಪ್ಪಿದ್ದರೆ ಅದರ ಹಿಂದೆ ಬಂದ ಸಾಕೆಯೆಲ್ಲ ಹೆಚ್ಚೂಕಡಿಮೆ ಸಿಹಿಯಾಗಿ ಕಾಣುತ್ತದೆ. ಕುರಾಗಳಲ್ಲಿ ಒಂದೇ ಬೆಳಿಗ್ಗೆ ನಲವತ್ತು-ಐವತ್ತು ಮಾದರಿ ನೋಡುವವರು ನುಂಗುವುದಿಲ್ಲ, ಪ್ರತಿಯೊಂದನ್ನೂ ಉಗುಳುತ್ತಾರೆ. ನೀವು ನುಂಗಿದಿರಿ ಎಂದುಕೊಳ್ಳುತ್ತೇನೆ. ಬಟ್ಟಲಿಗೆ 25 ಮಿಲಿಲೀಟರ್ ಎಂದು ಹಿಡಿದರೂ ಹತ್ತಕ್ಕೆ 250 ಆಯಿತು; ಶೇ 15ರ ಸಾಕೆಯಲ್ಲಿ ಅದು ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಈ ಪಾನೀಯದ ಹೆಸರು ಕನ್ನಡದ ಕಿವಿಗೆ ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಮೂರನೆಯ ಬಟ್ಟಲಿನ ಹೊತ್ತಿಗೆ ಆ ಪ್ರಶ್ನೆಗೆ ‘ಸಾಕು’ ಎಂದಿದ್ದರೆ ನಿಮಗೆ ಮೂರು ಒಳ್ಳೆಯ ನೆನಪುಗಳು ಉಳಿಯುತ್ತಿದ್ದವು.

ಈಗ ಹೆಸರುಗಳ ವಿಷಯ. ನಿಮ್ಮ ತಲೆಯಲ್ಲಿ ಸಾಧಾರಣ ಸಾಕೆ ಕೆಳಗೆ, ಗಿಂಜೊ ನಡುವೆ, ದೈಗಿಂಜೊ ತುದಿಯಲ್ಲಿ ಇರುವ ಒಂದು ಏಣಿಯಿದೆ. ಅದನ್ನು ನೀವೊಬ್ಬರೇ ಕಟ್ಟಿಕೊಂಡಿಲ್ಲ. ಜಪಾನಿನಲ್ಲಿ ವಿಶೇಷ, ಮೊದಲನೆಯ, ಎರಡನೆಯ ಎಂದು ದರ್ಜೆ ಕಟ್ಟಿ ತೆರಿಗೆ ಹಾಕುವ ಸರ್ಕಾರಿ ಪದ್ಧತಿ 1992ರವರೆಗೂ ಇತ್ತು. ಪರೀಕ್ಷೆಗೆ ಕಳಿಸದ ಸಾಕೆ ತಾನಾಗಿ ಎರಡನೆಯ ದರ್ಜೆಗೆ ಬೀಳುತ್ತಿತ್ತು, ಹಾಗಾಗಿ ಒಳ್ಳೆಯ ಸಾಕೆಯನ್ನು ಬೇಕೆಂದೇ ಪರೀಕ್ಷೆಗೆ ಕಳಿಸದೆ ಅಗ್ಗವಾಗಿ ಮಾರಿದ ಕುರಾಗಳೂ ಇದ್ದವು. ಇಂದಿನ ಹೆಸರುಗಳು ದರ್ಜೆಯನ್ನಲ್ಲ, ತಯಾರಿಕೆಯ ವಿಧಾನವನ್ನು ಹೇಳುತ್ತವೆ. ಗಿಂಜೊ ಎಂದರೆ ಅಕ್ಕಿಯನ್ನು ಉಜ್ಜಿ ಉಳಿದ ಭಾಗ ಶೇ 60 ಅಥವಾ ಅದಕ್ಕಿಂತ ಕಡಿಮೆ, ದೈಗಿಂಜೊ ಎಂದರೆ ಶೇ 50 ಅಥವಾ ಅದಕ್ಕಿಂತ ಕಡಿಮೆ, ಹೊಂಜೊಜೊ ಎಂದರೆ ಶೇ 70ರೊಳಗೆ. ಜುನ್ಮಾಯ್ ಎಂದರೆ ಅಕ್ಕಿ, ಕೋಜಿ (ಪಿಷ್ಟವನ್ನು ಸಕ್ಕರೆಯಾಗಿಸುವ ಶಿಲೀಂಧ್ರ ಬೆಳೆಸಿದ ಅಕ್ಕಿ), ನೀರು ಬಿಟ್ಟು ಬೇರೇನೂ ಸೇರಿಸದ್ದು. ಅದಕ್ಕಿದ್ದ ಶೇ 70ರ ಮಿತಿಯನ್ನು 2004ರಲ್ಲಿ ತೆಗೆದುಹಾಕಿದರು. ನಿಮ್ಮ ಬಾಟಲಿಯ 35 ಎಂಬ ಸಂಖ್ಯೆ ಉಜ್ಜಿ ತೆಗೆದ ಭಾಗವಲ್ಲ, ಉಳಿದ ಭಾಗ. ಕಾಳಿನ ಶೇ 65 ಪುಡಿಯಾಗಿ ಹೋಗಿದೆ. ನಾವು ಊಟ ಮಾಡುವ ಬಿಳಿ ಅಕ್ಕಿಯಲ್ಲಿ ಹೋಗುವುದು ಶೇ 10ರ ಆಸುಪಾಸಿನ ತೌಡು ಮಾತ್ರ ಎಂಬುದನ್ನು ನೆನೆದರೆ ಬೆಲೆಯ ಗುಟ್ಟು ತಿಳಿಯುತ್ತದೆ.

ಅಷ್ಟು ಉಜ್ಜುವುದರ ಕಾರಣವೇನೆಂದರೆ ಕಾಳಿನ ಹೊರಪದರದಲ್ಲಿ ಕೊಬ್ಬು, ಪ್ರೋಟೀನ್, ಖನಿಜಗಳಿವೆ. ಕೊಬ್ಬು ಯೀಸ್ಟ್ ಹೊರಡಿಸುವ ಹಣ್ಣಿನ ಘಮವನ್ನು ಕುಗ್ಗಿಸುತ್ತದೆ. ಪ್ರೋಟೀನ್ ಒಡೆದು ಅಮೈನೋ ಆಮ್ಲವಾಗಿ ರುಚಿಗೆ ದಟ್ಟತೆ ತರುತ್ತದೆ. ಹೊರಪದರ ತೆಗೆದ ಅಕ್ಕಿಯನ್ನು ಸುಮಾರು 10 ಡಿಗ್ರಿಯ ತಂಪಿನಲ್ಲಿ ತಿಂಗಳ ಕಾಲ ಹುದುಗಿಸಿದಾಗ ಸೇಬನ್ನು ನೆನಪಿಸುವ ಈಥೈಲ್ ಕ್ಯಾಪ್ರೊಯೇಟ್, ಬಾಳೆಹಣ್ಣನ್ನು ನೆನಪಿಸುವ ಐಸೊಅಮೈಲ್ ಅಸಿಟೇಟ್ ಹೆಚ್ಚು ಉಳಿಯುತ್ತವೆ. ಎಂದರೆ ಉಜ್ಜಿದಷ್ಟೂ ಘಮ ಏರುತ್ತದೆ, ಅಕ್ಕಿಯ ಸ್ವಂತ ಸ್ವಾದ ಇಳಿಯುತ್ತದೆ. ಇದು ಮೇಲು-ಕೀಳಿನ ಪ್ರಶ್ನೆಯಲ್ಲ, ಏನನ್ನು ಕೊಟ್ಟು ಏನನ್ನು ಪಡೆಯುತ್ತೀರಿ ಎಂಬ ಲೆಕ್ಕ. ನನ್ನ ಮಟ್ಟಿಗೆ ಹೇಳುವುದಾದರೆ, ದೈಗಿಂಜೊ ಒಂದು ಬಟ್ಟಲಿಗೆ ಚೆಂದ. ಊಟದ ಉದ್ದಕ್ಕೂ ಜೊತೆಗಿರಲು ನಾನು ಶೇ 70ರ ಜುನ್ಮಾಯನ್ನೇ ಆರಿಸುತ್ತೇನೆ.

ಆಲ್ಕೋಹಾಲ್ ಸೇರಿಸುವುದರ ಬಗ್ಗೆ ನೀವು ಕೇಳಿದ ಆಪಾದನೆಗೆ ಚರಿತ್ರೆಯಲ್ಲಿ ಬೇರಿದೆ. ಎರಡನೆಯ ಮಹಾಯುದ್ಧದ ನಂತರ ಅಕ್ಕಿಯ ಬರ ಇದ್ದಾಗ ಆಲ್ಕೋಹಾಲ್, ಗ್ಲೂಕೋಸ್, ಆಮ್ಲಗಳನ್ನು ಬೆರೆಸಿ ಒಂದು ಪಾಲು ಸಾಕೆಯನ್ನು ಮೂರು ಪಾಲಾಗಿ ಹಿಗ್ಗಿಸುವ ಪದ್ಧತಿ ಬಂತು, ಬರ ಕಳೆದ ಮೇಲೂ ದಶಕಗಳ ಕಾಲ ನಿಂತಿತು. 2006ರ ಕಾನೂನು ಬದಲಾವಣೆಯ ನಂತರ ಅಂಥದ್ದನ್ನು ‘ಸೇಶು’ ಎಂದು, ಅಂದರೆ ಶುದ್ಧ ಸಾಕೆ ಎಂದು, ಮಾರುವಂತಿಲ್ಲ. ಆದರೆ ಹೊಂಜೊಜೊಗಳಲ್ಲೂ, ಜುನ್ಮಾಯ್ ಎಂಬ ಪದವಿಲ್ಲದ ಗಿಂಜೊಗಳಲ್ಲೂ ಆಗುವುದು ಬೇರೆ. ಅಲ್ಲಿ ಅಕ್ಕಿಯ ತೂಕದ ಶೇ 10ನ್ನು ಮೀರದಷ್ಟು ಆಲ್ಕೋಹಾಲನ್ನು, ಹುದುಗಿದ ಅಕ್ಕಿಯನ್ನು ಹಿಂಡುವುದಕ್ಕೆ ಸ್ವಲ್ಪ ಮೊದಲು ಸೇರಿಸುತ್ತಾರೆ. ಘಮದ ಅಂಶಗಳು ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುವುದರಿಂದ ಹಿಂಡಿ ಉಳಿದ ಗಸಿಯಲ್ಲಿ ಸಿಕ್ಕಿಹಾಕಿಕೊಳ್ಳದೆ ಸಾಕೆಗೆ ಇಳಿದುಬರುತ್ತವೆ, ಕುಡಿದ ಮೇಲಿನ ಕೊನೆಯ ರುಚಿಯೂ ಹಗುರವಾಗುತ್ತದೆ. ಇದಕ್ಕೆ ಬಳಸುವುದು ಹೆಚ್ಚಾಗಿ ಕಬ್ಬಿನ ಕಾಕಂಬಿಯಿಂದ ಇಳಿಸಿದ ಆಲ್ಕೋಹಾಲ್, ಮಂಡ್ಯ-ಬೆಳಗಾವಿಗಳ ಸಕ್ಕರೆ ಕಾರ್ಖಾನೆಗಳ ನೆರೆಯವರಿಗೆ ಅಪರಿಚಿತವಲ್ಲದ ವಸ್ತು. 1911ರಿಂದ ನಡೆದುಬಂದಿರುವ ರಾಷ್ಟ್ರೀಯ ಹೊಸ ಸಾಕೆ ಸ್ಪರ್ಧೆಗೆ ಬಹಳ ಕಾಲ ಕುರಾಗಳು ಕಳಿಸುತ್ತಿದ್ದದ್ದು ಬಹುಪಾಲು ಹೀಗೆ ಆಲ್ಕೋಹಾಲ್ ಸೇರಿಸಿದ ದೈಗಿಂಜೊಗಳನ್ನೇ. ‘ಶುದ್ಧ ಅಕ್ಕಿಯದು’ ಎಂಬ ಮಾತು ಕಿವಿಗೆ ಹಿತವೆಂಬ ಒಂದೇ ಕಾರಣಕ್ಕೆ ಉಳಿದದ್ದನ್ನೆಲ್ಲ ಕಲಬೆರಕೆ ಎನ್ನುವುದು ಅನ್ಯಾಯ.

ಇನ್ನು +5 ಮತ್ತು +1. ಈ ಸಂಖ್ಯೆಯ ಹೆಸರು ‘ನಿಹೊನ್‌ಶು-ದೊ’. 4 ಡಿಗ್ರಿಯ ನೀರನ್ನು ಸೊನ್ನೆ ಎಂದಿಟ್ಟುಕೊಂಡು, 15 ಡಿಗ್ರಿಯಲ್ಲಿರುವ ಸಾಕೆ ಅದಕ್ಕಿಂತ ಹಗುರವೋ ಭಾರವೋ ಎಂಬುದನ್ನು ಇದು ಹೇಳುತ್ತದೆ. ಹಗುರವಾದರೆ ಕೂಡು ಚಿಹ್ನೆ, ಭಾರವಾದರೆ ಕಳೆ ಚಿಹ್ನೆ. ಸಕ್ಕರೆ ದ್ರವವನ್ನು ಭಾರ ಮಾಡುವುದರಿಂದ ಕೂಡು ಸಂಖ್ಯೆ ಏರಿದಂತೆ ಸಿಹಿ ಕಡಿಮೆ ಎಂಬ ಸ್ಥೂಲ ನಿಯಮ ಹುಟ್ಟಿತು. ಆದರೆ ಆಲ್ಕೋಹಾಲ್ ದ್ರವವನ್ನು ಹಗುರ ಮಾಡುತ್ತದೆ. ಹುಳಿಯಂತೂ ಈ ಅಳತೆಗೆ ಸಿಗುವುದೇ ಇಲ್ಲ, ನಾಲಿಗೆಗೆ ಮಾತ್ರ ಮೊದಲು ಸಿಗುತ್ತದೆ. ಆಮ್ಲಾಂಶ 1.0 ಇರುವ +5ರ ಸಾಕೆಗಿಂತ ಆಮ್ಲಾಂಶ 1.9 ಇರುವ +1ರ ಸಾಕೆ ಕಟುವಾಗಿ ತೋರುವುದು ಸಹಜ. ನಿಂಬೆಹಣ್ಣಿನ ಪಾನಕದಲ್ಲಿ ಸಕ್ಕರೆ ಅಷ್ಟೇ ಇದ್ದು ಹುಳಿ ಹೆಚ್ಚಾದರೆ ಸಿಹಿ ಅಡಗುವುದನ್ನು ನೀವು ಬಲ್ಲಿರಿ. ಜೊತೆಗೆ ಹಣ್ಣಿನ ಘಮವಿರುವ ಸಾಕೆಯನ್ನು ಮಿದುಳು ಸಿಹಿಯೆಂದೇ ಓದಿಕೊಳ್ಳುತ್ತದೆ. ಆದ್ದರಿಂದ ಆ ದಿನ ನಿಮ್ಮ ನಾಲಿಗೆ ಹೇಳಿದ್ದು ಸರಿಯಿರಬಹುದು. ಲೇಬಲ್ಲಿನಲ್ಲಿ ‘ಸಾನ್‌ದೊ’ ಎಂಬ ಆಮ್ಲಾಂಶದ ಸಂಖ್ಯೆಯೂ ಇದ್ದರೆ ಎರಡನ್ನೂ ಒಟ್ಟಿಗೆ ಓದಿ, ಒಂದನ್ನೇ ನಂಬಬೇಡಿ. ಸಿಹಿಯಿಲ್ಲದ ಸಾಕೆಗೆ ಜಪಾನೀಯರು ಬಳಸುವ ‘ಕಾರಾಕುಚಿ’ ಎಂಬ ಮಾತಿನಲ್ಲಿರುವ ‘ಕಾರಾ’ ಎಂದರೆ ಅವರ ನುಡಿಯಲ್ಲೂ ಖಾರವೇ. ಇದು ಕಾಕತಾಳೀಯ, ಆದರೆ ನಮ್ಮವರಿಗೆ ನೆನಪಿಡಲು ಅನುಕೂಲ.

ನಿಮ್ಮ ದೈಗಿಂಜೊ ಹಾಳಾದದ್ದಕ್ಕೆ ಫೋನು ತೋರಿಸಿದ ‘ಹಸಿ’ ಎಂಬ ಪದವೇ ಕೀಲಿಕೈ. ಅದು ‘ನಾಮಾ’. ಸಾಮಾನ್ಯವಾಗಿ ಸಾಕೆಯನ್ನು ಹಿಂಡಿದ ಮೇಲೊಮ್ಮೆ, ಬಾಟಲಿಗೆ ತುಂಬುವಾಗೊಮ್ಮೆ, 60ರಿಂದ 65 ಡಿಗ್ರಿಯವರೆಗೆ ಕಾಯಿಸುತ್ತಾರೆ. ಕೋಜಿಯ ಕಿಣ್ವಗಳು ನಿಲ್ಲುವುದೂ, ಸಾಕೆಯಲ್ಲೇ ಬದುಕಬಲ್ಲ ‘ಹಿಒಚಿ’ ಬ್ಯಾಕ್ಟೀರಿಯಾಗಳು ಸಾಯುವುದೂ ಆ ಬಿಸಿಯಲ್ಲಿ. ನಾಮಾ ಸಾಕೆಯನ್ನು ಒಮ್ಮೆಯೂ ಕಾಯಿಸಿರುವುದಿಲ್ಲ. ಅದರ ಹೊಸತನದ ಮೋಹಕತೆಗೂ, ಕಪಾಟಿನಲ್ಲಿಟ್ಟರೆ ಕೆಡುವ ಗುಣಕ್ಕೂ ಕಾರಣ ಒಂದೇ: ಒಳಗೆ ಕಿಣ್ವಗಳು ಇನ್ನೂ ಕೆಲಸದಲ್ಲಿವೆ. ಅದನ್ನು 5 ಡಿಗ್ರಿಗಿಂತ ಕೆಳಗೆ, ನೆಟ್ಟಗೆ ನಿಲ್ಲಿಸಿ, ಬೆಳಕು ತಾಗದಂತೆ ಇಡಬೇಕು, ತೆರೆದ ಮೇಲೆ ವಾರದೊಳಗೆ ಮುಗಿಸಬೇಕು. ನೀವು ಹೇಳಿದ ಮೂಲಂಗಿ ವಾಸನೆಗೆ ಜಪಾನೀಯರೂ ಅದೇ ಹೋಲಿಕೆ ಕೊಡುತ್ತಾರೆ, ಅವರ ತಾಕುವಾನ್ ಎಂಬ ಮೂಲಂಗಿ ಉಪ್ಪಿನಕಾಯಿಯದು. ಅದನ್ನು ತರುವುದು ಡೈಮೀಥೈಲ್ ಟ್ರೈಸಲ್ಫೈಡ್ ಎಂಬ ಗಂಧಕದ ಸಂಯುಕ್ತ, ಶಾಖದಲ್ಲಿ ಹಳತಾದ ಸಾಕೆಯಲ್ಲಿ ಹುಟ್ಟುವಂಥದ್ದು. ಕಾಯಿಸಿದ ಸಾಕೆಯಲ್ಲೂ ಅದು ಬರಬಹುದು. ಇಂಥ ಸಾಕೆ ವಿಷವಲ್ಲ. ಬಿಳಿ ಮೋಡದಂಥ ಕಲಕು ಮತ್ತು ಚುಚ್ಚುವ ಹುಳಿ ಕಾಣದಿದ್ದರೆ ಅಡುಗೆಗೆ ಬಳಸಬಹುದು. ಅಂಗಡಿಯವರು ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದುಕೊಟ್ಟರೆ ನಿಮ್ಮ ಮನೆಯಲ್ಲೂ ಅದರ ಜಾಗ ಫ್ರಿಜ್ಜೇ ಎಂದು ತಿಳಿಯಿರಿ.

ಹೋಲಿಕೆಯ ಕ್ರಮಕ್ಕೆ ಬರೋಣ. ಹತ್ತನ್ನು ಸಾಲಾಗಿ ಇಡುವ ಬದಲು ಎರಡನ್ನು ಎದುರುಬದುರು ಇಡಿ, ಮತ್ತು ಆ ಎರಡರ ನಡುವೆ ಒಂದೇ ಸಂಗತಿ ಬೇರೆಯಿರಲಿ. ಅಕ್ಕಿ, ನೀರು, ಯೀಸ್ಟ್, ಉಜ್ಜುವಿಕೆ, ಉಷ್ಣತೆ ಎಲ್ಲವೂ ಒಟ್ಟಿಗೆ ಬದಲಾದರೆ ಯಾವ ವ್ಯತ್ಯಾಸ ಯಾವುದರಿಂದ ಬಂತೆಂದು ಕುರಾದಲ್ಲಿ ತಯಾರಿಕೆಯ ಮುಖ್ಯಸ್ಥನಾದ ತೋಜಿಯೂ ಹೇಳಲಾರ. ಒಂದೇ ಕುರಾ ಒಂದೇ ಅಕ್ಕಿಯಿಂದ ಮಾಡಿದ ಜುನ್ಮಾಯ್ ಮತ್ತು ಜುನ್ಮಾಯ್ ದೈಗಿಂಜೊಗಳ ಸಣ್ಣ ಬಾಟಲಿ ತಂದರೆ ಉಜ್ಜುವಿಕೆ ಏನು ಮಾಡುತ್ತದೆಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ಇದಕ್ಕೆ ಖರ್ಚು ಹೆಚ್ಚು, ಮತ್ತು ತೆರೆದ ಬಾಟಲಿಗಳು ಮನೆಯಲ್ಲಿ ಉಳಿದು ಬೇಕಾದದ್ದಕ್ಕಿಂತ ಹೆಚ್ಚು ಕುಡಿಸುತ್ತವೆ ಎಂಬ ಅಪಾಯವೂ ಇದೆ.

ನೀರಿನ ವ್ಯತ್ಯಾಸ ಬೇಕಿದ್ದರೆ ಕೋಬೆ-ನಿಶಿನೊಮಿಯಾ ತೀರದ ನಾದಾದ ಸಾಕೆಯ ಪಕ್ಕದಲ್ಲಿ ಕ್ಯೋಟೊದ ಫುಶಿಮಿಯ ಸಾಕೆಯನ್ನಿಡಿ. ನಿಶಿನೊಮಿಯಾದ ಮಿಯಾಮಿಜು ಎಂಬ ಬಾವಿನೀರಿನ ಗುಣವನ್ನು 1840ರಲ್ಲಿ ಗುರುತಿಸಿದವನು ಯಾಮಾಮುರಾ ತಾಜಾಎಮೊನ್ ಎಂಬ ಕುರಾ ಯಜಮಾನ. ಎರಡು ಊರುಗಳಲ್ಲಿದ್ದ ತನ್ನ ಕುರಾಗಳ ಸಾಕೆ ಬೇರೆಬೇರೆಯಾಗುವುದೇಕೆಂದು ತಿಳಿಯದೆ, ಕೊನೆಗೆ ನೀರನ್ನೇ ಒಂದೆಡೆಯಿಂದ ಇನ್ನೊಂದೆಡೆಗೆ ಹೊರಿಸಿ ನೋಡಿದನಂತೆ. ಒಂದೇ ಸಂಗತಿಯನ್ನು ಬದಲಿಸಿ ನೋಡುವುದೆಂದರೆ ಇದೇ. ಆ ನೀರಿನಲ್ಲಿ ಯೀಸ್ಟಿಗೆ ಬೇಕಾದ ಖನಿಜಗಳು ಹೆಚ್ಚು, ಸಾಕೆಯ ಬಣ್ಣ ಕೆಡಿಸುವ ಕಬ್ಬಿಣ ಬಹಳ ಕಡಿಮೆ. ಹುದುಗುವಿಕೆ ಚುರುಕಾಗಿ ನಡೆದು ಗಟ್ಟಿಯಾದ, ಕಟುವಾದ ಸಾಕೆ ಬರುತ್ತದೆ. ಫುಶಿಮಿಯ ನೀರು ಅದಕ್ಕಿಂತ ಮೃದು, ಸಾಕೆಯೂ ಹಾಗೆಯೇ. ಇವನ್ನು ‘ಗಂಡು ಸಾಕೆ’, ‘ಹೆಣ್ಣು ಸಾಕೆ’ ಎಂದು ಕರೆಯುವ ಹಳೆಯ ರೂಢಿಯಿದೆ. ವರ್ಣನೆಯಾಗಿ ಅದು ಬಹಳ ದೂರ ಒಯ್ಯುವುದಿಲ್ಲ, ಏಕೆಂದರೆ ಇಂದು ಎರಡೂ ಕಡೆ ಎರಡೂ ಬಗೆ ಮಾಡುತ್ತಾರೆ.

ನಿಮಗೆ ನಾನು ವಿಶೇಷವಾಗಿ ಸೂಚಿಸುವ ಜೋಡಿ ಮಾತ್ರ ಬೇರೆ: ಸಾಧಾರಣ ಜುನ್ಮಾಯ್ ಒಂದು, ‘ಕಿಮೊತೊ’ ಅಥವಾ ‘ಯಾಮಾಹಾಯ್’ ಎಂದು ಬರೆದಿರುವ ಜುನ್ಮಾಯ್ ಇನ್ನೊಂದು. ಸಾಕೆಯ ಮೊದಲ ಹಂತದಲ್ಲಿ ಯೀಸ್ಟನ್ನು ಬೆಳೆಸಲು ಹುಳಿಯಾದ ಪರಿಸರ ಬೇಕು, ಇಲ್ಲವಾದರೆ ಕಾಡು ಸೂಕ್ಷ್ಮಜೀವಿಗಳು ಅದನ್ನು ತುಳಿಯುತ್ತವೆ. 1910ರಲ್ಲಿ ರೂಪುಗೊಂಡ ‘ಸೊಕುಜೊ’ ವಿಧಾನದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಹೊರಗಿನಿಂದ ಹಾಕುತ್ತಾರೆ, ಎರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಇಂದಿನ ಬಹುಪಾಲು ಸಾಕೆ ಹೀಗೇ ಆಗುತ್ತದೆ. ಹಳೆಯ ಕಿಮೊತೊದಲ್ಲಿ ಅನ್ನ ಮತ್ತು ಕೋಜಿಯನ್ನು ಕೋಲುಗಳಿಂದ ಅರೆದು, ಹುಳಿ ತಾನಾಗಿ ಬರುವವರೆಗೆ ಕಾಯುತ್ತಾರೆ, ಅದಕ್ಕೆ ಸುಮಾರು ಒಂದು ತಿಂಗಳು ಬೇಕು. ಅರೆಯುವ ಶ್ರಮ ಅನಾವಶ್ಯಕವೆಂದು 1909ರಲ್ಲಿ ತೋರಿಸಿ ಅದನ್ನು ಕೈಬಿಟ್ಟದ್ದೇ ಯಾಮಾಹಾಯ್. ಹುಳಿ ತರಲು ಅಲ್ಲಿ ಮೊದಲು ಬರುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್. ಮೈಸೂರಿನ ನಿಮ್ಮ ಮನೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ಬೆಳಗಾಗುವುದರೊಳಗೆ ಉಬ್ಬಿಸಿ ಹುಳಿ ಬರಿಸುವ ಜೀವಿಯೂ ಅದೇ. ಹೀಗಾಗಿ ಕಿಮೊತೊದ ಮೊಸರಿನಂಥ, ತುಸು ಕಾಡಿನ ವಾಸನೆಯ ಹುಳಿ ಜಪಾನಿನ ಹೊಸಬರನ್ನು ಗಾಬರಿಪಡಿಸುವಷ್ಟು ನಮ್ಮವರನ್ನು ಗಾಬರಿಪಡಿಸುವುದಿಲ್ಲ. ನಿಮ್ಮ ಹುಳಿ ಬಲ್ಲ ನಾಲಿಗೆ ಇಲ್ಲಿ ಹೊರೆಯಲ್ಲ, ಬಂಡವಾಳ. ಮೊಸರನ್ನದ ಜೊತೆ ಇದು ಹೊಂದುತ್ತದೆಂದು ನಾನು ಹೇಳಿದರೆ ನಗುವವರಿದ್ದಾರೆ. ತಿಂದು ನೋಡಿದವರು ನಗುವುದನ್ನು ನಿಲ್ಲಿಸಿದ್ದಾರೆ.

ಎಲ್ಲಕ್ಕಿಂತ ಅಗ್ಗದ ಪಾಠ ಒಂದೇ ಬಾಟಲಿಯನ್ನು ಮೂರು ಉಷ್ಣತೆಗಳಲ್ಲಿ ನೋಡುವುದು. ಬಿಸಿ ಸಾಕೆ ಕೀಳೆಂಬ ಮಾತು ಹುಟ್ಟಿದ್ದು, ಹಿಗ್ಗಿಸಿದ ಅಗ್ಗದ ಸಾಕೆಯನ್ನು ಅದರ ದೋಷ ತಿಳಿಯದಂತೆ ಕುದಿಯುವಷ್ಟು ಕಾಯಿಸಿ ಕೊಡುತ್ತಿದ್ದ ಕಾಲದಲ್ಲಿ. ವಾಸ್ತವದಲ್ಲಿ ಜಪಾನೀ ಭಾಷೆಯಲ್ಲಿ ಐದೈದು ಡಿಗ್ರಿಗೊಂದು ಹೆಸರಿದೆ: 5ಕ್ಕೆ ಹಿಮದ ತಂಪು, 10ಕ್ಕೆ ಹೂವಿನ ತಂಪು, 35ಕ್ಕೆ ಮೈಬಿಸಿ, 40ಕ್ಕೆ ಉಗುರುಬೆಚ್ಚಗಿನ ‘ನುರುಕಾನ್’, 50ಕ್ಕೆ ‘ಅತ್ಸುಕಾನ್’. ಸಾಕೆಯಲ್ಲಿರುವ ಲ್ಯಾಕ್ಟಿಕ್ ಮತ್ತು ಸಕ್ಸಿನಿಕ್ ಆಮ್ಲಗಳು ಬೆಚ್ಚಗಾದಾಗ ದುಂಡಗಾಗುತ್ತವೆ, ಮ್ಯಾಲಿಕ್ ಆಮ್ಲ ತಣ್ಣಗಿದ್ದರೇ ಚೆಂದ. ಹಾಗಾಗಿ ಕಿಮೊತೊ 45 ಡಿಗ್ರಿಯಲ್ಲಿ ಅರಳುತ್ತದೆ, ದೈಗಿಂಜೊ ಅದೇ ಬಿಸಿಯಲ್ಲಿ ತನ್ನ ಘಮವನ್ನು ಗಾಳಿಗೆ ಬಿಟ್ಟುಕೊಟ್ಟು ಬರಿದಾಗುತ್ತದೆ. ನೀರು ಕುದಿಸಿ ಒಲೆ ಆರಿಸಿ, ಸಾಕೆ ತುಂಬಿದ ಪಿಂಗಾಣಿ ಹೂಜಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ, ಮೂರು-ನಾಲ್ಕು ನಿಮಿಷ ಬಿಟ್ಟು ಅಡುಗೆಯ ಥರ್ಮಾಮೀಟರಿನಲ್ಲಿ ನೋಡಿ. ಮೈಕ್ರೋವೇವ್ ಮೇಲುಭಾಗವನ್ನು ಸುಟ್ಟು ಕೆಳಭಾಗವನ್ನು ತಣ್ಣಗೆ ಬಿಡುತ್ತದೆ.

ರುಚಿ ನೋಡುವಾಗ ಒಂದು ಬಿಳಿ ಬಟ್ಟಲು ಸಾಕು. ಕುರಾಗಳಲ್ಲಿ ಬಳಸುವ ಬಟ್ಟಲಿನ ತಳದಲ್ಲಿ ಎರಡು ನೀಲಿ ಉಂಗುರಗಳಿರುತ್ತವೆ. ಅವು ಅಲಂಕಾರವಲ್ಲ, ನೀಲಿಯ ಅಂಚು ಮಸುಕಾದರೆ ಸಾಕೆ ಕಲಕಾಗಿದೆಯೆಂದೂ, ಬಿಳಿಯ ಮೇಲೆ ಹಳದಿ ಕಂಡರೆ ವಯಸ್ಸಾಗಿದೆಯೆಂದೂ ತಿಳಿಯುತ್ತದೆ. ಮೊದಲು ಅಲುಗಿಸದೆ ಮೂಸಿ. ಬಳಿಕ ಒಂದು ಚಮಚದಷ್ಟನ್ನು ನಾಲಿಗೆಯ ಮೇಲೆ ಹರಡಿ, ಬಾಯಿಂದ ತುಸು ಗಾಳಿ ಎಳೆದು ಮೂಗಿನಿಂದ ಬಿಡಿ. ಮೂಸಿದಾಗ ಸಿಗದ ಘಮ ಆಗ ಸಿಗುತ್ತದೆ. ಉಗುಳಿ. ಮುಗಿದ ಮೇಲೆ ಬಾಯಿಯಲ್ಲಿ ಎಷ್ಟು ಹೊತ್ತು ಏನು ನಿಂತಿತೆಂಬುದನ್ನು ಕನ್ನಡದಲ್ಲೇ ಬರೆದುಕೊಳ್ಳಿ: ಒಗರು, ಗಂಜಿ, ಹಸಿ ಬಾಳೆಕಾಯಿ, ಹಳೆಯ ಬೆಲ್ಲ. ಪುಸ್ತಕದಿಂದ ಎರವಲು ತಂದ ‘ಲಿಚಿ’, ‘ಮೆಲನ್’ಗಳಿಗಿಂತ ಇವು ನಿಮಗೆ ಮುಂದಿನ ಸಲ ಹೆಚ್ಚು ನೆನಪಾಗುತ್ತವೆ. ನಡುವೆ ನೀರು ಕುಡಿಯಿರಿ. ಒಂದು ಸಂಜೆಗೆ ಎರಡು, ಹೆಚ್ಚೆಂದರೆ ಮೂರು.

ಸಸ್ಯಾಹಾರದ ಪ್ರಶ್ನೆ ನ್ಯಾಯವಾದದ್ದು. ಸಾಕೆಯ ಮೂಲವಸ್ತುಗಳಲ್ಲಿ ಪ್ರಾಣಿಜನ್ಯವಾದದ್ದು ಏನೂ ಇಲ್ಲ, ಆದರೆ ಹಿಂಡಿದ ಮೇಲೆ ಉಳಿಯುವ ಮಬ್ಬನ್ನು ತಳಕ್ಕೆ ಕೂರಿಸಲು ಕೆಲವು ಕುರಾಗಳು ಜೆಲಟಿನ್ ಬಳಸುತ್ತವೆ, ಮತ್ತು ಇದನ್ನು ಲೇಬಲ್ಲಿನಲ್ಲಿ ಹೇಳಬೇಕಾದ ಕಡ್ಡಾಯವಿಲ್ಲ. ನಿಮಗೆ ಇದು ಮುಖ್ಯವಾದರೆ ಸಸ್ಯಾಹಾರಿ ಎಂಬ ಗುರುತಿರುವುದನ್ನು ಆರಿಸಿ, ಇಲ್ಲವೇ ಕುರಾವನ್ನೇ ಕೇಳಿ. ಸಣ್ಣ ಕುರಾಗಳು ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ನೇರ ಉತ್ತರ ಕೊಡುತ್ತವೆ.

ಪ್ರಮಾಣದ ಬಗ್ಗೆ ಎರಡು ಮಾತು ಹೇಳದೆ ಬಿಡುವಂತಿಲ್ಲ. ಒಂದು ಗೊ, ಅಂದರೆ 180 ಮಿಲಿಲೀಟರ್ ಸಾಕೆಯಲ್ಲಿ ಸುಮಾರು 22 ಗ್ರಾಂ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ ಗಂಡಸರಲ್ಲಿ 40, ಹೆಂಗಸರಲ್ಲಿ 20 ಗ್ರಾಂ ಮುಟ್ಟಿದರೆ ಜೀವನಶೈಲಿಯ ರೋಗಗಳ ಅಪಾಯ ಏರುತ್ತದೆಂದು ಜಪಾನಿನ ಆರೋಗ್ಯ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ಅದು ಸುರಕ್ಷಿತ ಮಿತಿಯಲ್ಲ, ಅಪಾಯದ ಗಡಿ. ‘ಗೆನ್‌ಶು’ ಎಂದು ಬರೆದಿದ್ದರೆ ನೀರು ಬೆರೆಸಿಲ್ಲ ಎಂದರ್ಥ. ಅಂಥದ್ದು ಶೇ 20ರ ಹತ್ತಿರವೂ ಇರಬಹುದು. ಒಳ್ಳೆಯ ಸಾಕೆ ಕುಡಿದರೆ ಮರುದಿನ ತಲೆನೋವಿಲ್ಲ ಎಂಬುದು ಮಾರುವವರ ಮಾತು. ಸಕ್ಕರೆ ಕಾಯಿಲೆಗೆ ಅಥವಾ ಬೇರೆ ಯಾವುದಕ್ಕಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ನಿಲ್ದಾಣದಿಂದ ಮನೆಗೆ ಸೈಕಲ್ ಇಟ್ಟುಕೊಂಡಿದ್ದರೆ ಅದನ್ನು ಆ ದಿನ ಅಲ್ಲೇ ಬಿಡಿ, ಏಕೆಂದರೆ 2024ರ ನವೆಂಬರಿನಿಂದ ಸೈಕಲ್ಲಿನ ಮೇಲೂ ಕುಡಿತದ ಶಿಕ್ಷೆ ಬಿಗಿಯಾಗಿದೆ.

ಅಣ್ಣನಿಗೆ ಒಯ್ಯುವುದಾದರೆ ನಾಮಾ ಬೇಡ. ವಿಮಾನದ ಪ್ರಯಾಣ ತಾಳಿದರೂ ಬೇಸಿಗೆಯ ಬೆಂಗಳೂರು-ಮೈಸೂರು ರಸ್ತೆಯ ಕಾರಿನ ಡಿಕ್ಕಿಯನ್ನು ಅದು ತಾಳುವುದಿಲ್ಲ. ಎರಡು ಬಾರಿ ಕಾಯಿಸಿದ ಯಾಮಾಹಾಯ್ ಜುನ್ಮಾಯ್ 720 ಮಿಲಿಲೀಟರಿನದು ಒಂದು ತೆಗೆದುಕೊಳ್ಳಿ, ಬಟ್ಟೆಗಳ ನಡುವೆ ಸುತ್ತಿ ಲಗೇಜಿನಲ್ಲಿ ಹಾಕಿ. ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ ಎರಡು ಲೀಟರ್. ತಲುಪಿದ ಮೇಲೆ ಒಂದು ದಿನ ಫ್ರಿಜ್ಜಿನಲ್ಲಿ ವಿಶ್ರಾಂತಿ ಕೊಟ್ಟು, ಅರ್ಧ ಬಟ್ಟಲು ತಣ್ಣಗೆ, ಅರ್ಧ ಬಟ್ಟಲು ಬೆಚ್ಚಗೆ, ಎರಡನ್ನೂ ಒಟ್ಟಿಗೆ ಅವರ ಮುಂದಿಡಿ. ಎರಡೂ ಒಂದೇ ಬಾಟಲಿಯವೆಂದು ಮೊದಲೇ ಹೇಳಬೇಡಿ.